ಮುಚ್ಚಿದ ಬಾಗಿಲು, ತೆರೆದ ಹಾಡು

ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನಾಂಗದವರು ಶತಮಾನಗಳ ದಾಸ್ಯವನ್ನೂ ತಿರಸ್ಕಾರವನ್ನೂ ಅನುಭವಿಸಿದವರು. ಹಾಡು ಅವರ ಪಾಲಿಗೆ ಕೇವಲ ವಿನೋದವಾಗಿರಲಿಲ್ಲ. ನೋವನ್ನು ಸಹಿಸಿ ಬಾಳುವ ಬಲವಾಗಿತ್ತು. ಚರ್ಚುಗಳಲ್ಲಿ ಅವರು ಹಾಡುತ್ತಿದ್ದ ಭಕ್ತಿಗೀತೆಗಳ ಆರ್ತತೆಯು ಲೌಕಿಕ ಗೀತೆಗಳಿಗೂ ಇಳಿದುಬಂದು, 1950ರ ದಶಕದಲ್ಲಿ 'ಸೋಲ್' ಎಂಬ ಸಂಗೀತ ಪ್ರಕಾರವು ರೂಪುಗೊಂಡಿತು. 'ಸೋಲ್' ಎಂದರೆ ಆತ್ಮ. 1970ರ ದಶಕದಲ್ಲಿ ಈ ಸಂಗೀತಕ್ಕೆ ಕುಣಿತಕ್ಕೊಪ್ಪುವ ಎಡೆಬಿಡದ ತಾಳವು ಕೂಡಿಕೊಂಡಿತು. ಹೀಗೆ ಬೆಳೆದುದೇ 'ಡಿಸ್ಕೊ' ಸಂಗೀತ. ಇದರಲ್ಲಿ ಶಾಶ್ವತವಾದ ಹೆಸರು ಗಳಿಸಿದ ತಂಡಗಳಲ್ಲಿ 'ಶೀಕ್' ಒಂದು.

ಈ ತಂಡವನ್ನು ಕಟ್ಟಿದವರು ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್. ಇಬ್ಬರೂ 1952ರಲ್ಲಿ ಜನಿಸಿದವರು. ರಾಜರ್ಸ್ ನ್ಯೂಯಾರ್ಕ್ ನಗರದವನು; ಅಲ್ಲಿನ ಪ್ರಸಿದ್ಧ ಅಪೊಲೊ ರಂಗಮಂದಿರದ ವಾದ್ಯವೃಂದದಲ್ಲಿ ಗಿಟಾರ್ ನುಡಿಸಿ ಪಳಗಿದವನು. ಎಡ್ವರ್ಡ್ಸ್ ಉತ್ತರ ಕೆರೊಲಿನಾ ಪ್ರಾಂತದಲ್ಲಿ ಹುಟ್ಟಿದವನು. ಮಂದ್ರಸ್ವರದ ಬೇಸ್ ಗಿಟಾರಿನಲ್ಲಿ ನಿಪುಣ. ಹಲವು ವರ್ಷ ಪರರ ಹಾಡುಗಳಿಗೆ ಪಕ್ಕವಾದ್ಯ ನುಡಿಸಿದ ಈ ಗೆಳೆಯರು, ಟೋನಿ ಥಾಂಪ್ಸನ್ ಎಂಬ ಡ್ರಮ್ ವಾದಕನನ್ನು ಜೊತೆಗೂಡಿಸಿಕೊಂಡರು. 1977ರಲ್ಲಿ ಶೀಕ್ ತಂಡದ ಮೊದಲ ಹಾಡು ಹೊರಬಂದು ಜನಪ್ರಿಯವಾಯಿತು.

ಅದೇ ವರ್ಷದ ಕೊನೆಯ ರಾತ್ರಿ. ಗ್ರೇಸ್ ಜೋನ್ಸ್ ಎಂಬ ಗಾಯಕಿಯು ಅವರಿಬ್ಬರನ್ನೂ 'ಸ್ಟುಡಿಯೊ 54' ಎಂಬ ಪ್ರತಿಷ್ಠಿತ ನೃತ್ಯಶಾಲೆಗೆ ಆಹ್ವಾನಿಸಿದ್ದಳು. ಗೆಳೆಯರು ಅಂದವಾಗಿ ಉಡುಪು ಧರಿಸಿ ಅಲ್ಲಿಗೆ ಹೋದರು. ಆದರೆ ಪಟ್ಟಿಯಲ್ಲಿ ಹೆಸರಿಲ್ಲವೆಂದು ದ್ವಾರಪಾಲಕನು ಅವರನ್ನು ಒಳಗೆ ಬಿಡಲಿಲ್ಲ. ಊರೆಲ್ಲ ಅವರ ಹಾಡಿಗೆ ಕುಣಿಯುತ್ತಿತ್ತು. ಅವರಿಗೆ ಮಾತ್ರ ಬಾಗಿಲು ಮುಚ್ಚಿತ್ತು! ಮನೆಗೆ ಮರಳಿದ ಅವರು ವಾದ್ಯಗಳನ್ನು ಕೈಗೆತ್ತಿಕೊಂಡು, ಆ ನೃತ್ಯಶಾಲೆಯನ್ನು ಬೈಯುವ ಹಾಡೊಂದನ್ನು ನುಡಿಸತೊಡಗಿದರು. ನುಡಿಸುತ್ತಿದ್ದಂತೆ ಸಿಟ್ಟು ಇಳಿಯಿತು. ರಾಗ ಮಾತ್ರ ಉಳಿಯಿತು. ಬೈಗುಳದ ಮಾತನ್ನು ತೆಗೆದು, ಆಗ ಪ್ರಚಾರದಲ್ಲಿದ್ದ ನೃತ್ಯವೊಂದರ ಹೆಸರನ್ನು ಅಲ್ಲಿ ಇರಿಸಿದರು. 'ಲ ಫ್ರೀಕ್' ಎಂಬ ಗೀತೆಯು ಹೀಗೆ ಹುಟ್ಟಿತು. ಯಾವ ಶಾಲೆಯ ಬಾಗಿಲು ಅವರಿಗೆ ಮುಚ್ಚಿತ್ತೋ, ಅದೇ ಶಾಲೆಗೆ ಬನ್ನಿರೆಂದು ಆ ಗೀತೆಯು ಎಲ್ಲರನ್ನೂ ಕರೆಯುತ್ತದೆ.

ಈ ಗೀತೆಯನ್ನೊಳಗೊಂಡ 'ಸೆ ಶೀಕ್' ಎಂಬ ಧ್ವನಿಮುದ್ರಿಕೆಯು 1978ರಲ್ಲಿ ಬಿಡುಗಡೆಯಾಯಿತು. ಅದರ ವಾದನಕ್ರಮವು ಗಮನಾರ್ಹವಾದುದು. ರಾಜರ್ಸನ ಬಲಗೈ ತಂತಿಗಳನ್ನು ಎಡೆಬಿಡದೆ ಮೀಟುತ್ತದೆ. ಎಡಗೈ ಬೆರಳುಗಳು ಆಗಾಗ ಸಡಿಲಗೊಂಡು ನಾದವನ್ನು ಅಡಗಿಸುತ್ತವೆ. ಇದರಿಂದ ತಂತಿವಾದ್ಯವೇ ತಾಳವಾದ್ಯದ ಕೆಲಸವನ್ನೂ ಮಾಡುತ್ತದೆ. ಎಡ್ವರ್ಡ್ಸನ ಬೇಸ್ ಹಿನ್ನೆಲೆಯಲ್ಲಿ ನಿಲ್ಲದೆ ಹಾಡಿನಂತೆಯೇ ನಡೆಯುತ್ತದೆ. ಥಾಂಪ್ಸನ್ನನ ಲಯವು ಎಲ್ಲಿಯೂ ಅಳುಕದು. ಇವುಗಳ ಮೇಲೆ ಪಿಟೀಲುಗಳ ಮೇಳವೂ ಆಲ್ಫಾ ಆಂಡರ್ಸನ್, ಲೂಸಿ ಮಾರ್ಟಿನ್ ಮೊದಲಾದವರ ಕಂಠವೂ ಬೆರೆಯುತ್ತವೆ. ಮುದ್ರಿಕೆಯಲ್ಲಿ ಕುಣಿತದ ಹಾಡುಗಳಷ್ಟೇ ಅಲ್ಲ, ಬಿಡುಗಡೆಯನ್ನು ಕುರಿತ 'ಅಟ್ ಲಾಸ್ಟ್ ಐ ಆಮ್ ಫ್ರೀ' ಎಂಬ ವಿಳಂಬಗತಿಯ ಗೀತೆಯೂ ಇದೆ. ಸೋಲ್ ಸಂಗೀತದ ಆರ್ದ್ರತೆಯನ್ನು ಇದರಲ್ಲಿ ಸ್ಪಷ್ಟವಾಗಿ ಕಾಣಬಹುದು.

1978ರ ಡಿಸೆಂಬರಿನಲ್ಲಿ 'ಲ ಫ್ರೀಕ್' ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಆದರೆ ಕೀರ್ತಿಯ ಬೆನ್ನಿಗೇ ವಿರೋಧವೂ ಬಂದಿತು. 1979ರ ಜುಲೈ 12ರಂದು ಷಿಕಾಗೊ ನಗರದ ಕ್ರೀಡಾಂಗಣವೊಂದರಲ್ಲಿ ಸಾವಿರಾರು ಜನರ ಮುಂದೆ ಡಿಸ್ಕೊ ಮುದ್ರಿಕೆಗಳ ರಾಶಿಯನ್ನು ಸಿಡಿಮದ್ದಿಟ್ಟು ಸಿಡಿಸಲಾಯಿತು. ಅದು ಸಂಗೀತದ ಮೇಲಣ ಅರುಚಿ ಮಾತ್ರವಲ್ಲ, ಅದನ್ನು ರಚಿಸಿದವರ ಮೇಲಣ ತಿರಸ್ಕಾರವೂ ಹೌದೆಂದು ಅನೇಕರು ನೊಂದು ನುಡಿದರು. ಡಿಸ್ಕೊ ಸಂಗೀತದ ಬೇಡಿಕೆ ಬೇಗನೆ ಕುಸಿಯಿತು. 1983ರ ಹೊತ್ತಿಗೆ ಶೀಕ್ ತಂಡವೂ ಚದುರಿತು.

ಆದರೂ ಅವರ ನಾದ ಅಡಗಲಿಲ್ಲ. ಅವರ 'ಗುಡ್ ಟೈಮ್ಸ್' ಗೀತೆಯ ಬೇಸ್ ವಾದನವು 1979ರಲ್ಲಿಯೇ 'ರ‍್ಯಾಪ್' ಎಂಬ ಹೊಸ ಪ್ರಕಾರದ ಮೊದಮೊದಲ ಹಾಡೊಂದಕ್ಕೆ ತಳಹದಿಯಾಗಿತ್ತು. ಮುಂದೆ ಗೆಳೆಯರು ಮತ್ತೆ ಒಂದುಗೂಡಿದರು. 1996ರ ಏಪ್ರಿಲಿನಲ್ಲಿ ಎಡ್ವರ್ಡ್ಸ್ ಅಸ್ವಸ್ಥನಾಗಿದ್ದರೂ ಟೋಕಿಯೊ ನಗರದ ಕಛೇರಿಯಲ್ಲಿ ನುಡಿಸಿ, ಅನಂತರ ಅಲ್ಲಿಯೇ ಕೊನೆಯುಸಿರೆಳೆದನು. ಥಾಂಪ್ಸನ್ 2003ರಲ್ಲಿ ತೀರಿಕೊಂಡನು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು, ಕಾಪಿಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ 'ಲ ಫ್ರೀಕ್' ಗೀತೆಯನ್ನು ಸೇರಿಸಿಕೊಂಡಿತು.

ಅವಮಾನವು ಯಾರನ್ನು ತಾನೆ ನೋಯಿಸದು? ಅದಕ್ಕೆ ಬೈಗುಳದಿಂದ ಉತ್ತರ ಕೊಡುವುದು ಸುಲಭ. ಬೈಗುಳವನ್ನೇ ತಿದ್ದಿ, ಎಲ್ಲರೂ ಕೂಡಿ ನಲಿಯುವ ಹಾಡನ್ನಾಗಿಸುವುದು ಕಲಾವಿದನ ಹಿರಿಮೆ.

ಅಭ್ಯಾಸ

1. 'ಸೋಲ್' ಸಂಗೀತವು ಹೇಗೆ ರೂಪುಗೊಂಡಿತು?
2. 'ಲ ಫ್ರೀಕ್' ಗೀತೆಯು ಹುಟ್ಟಿದ ಸಂದರ್ಭವನ್ನು ವಿವರಿಸಿ.
3. "ಸಿಟ್ಟು ಇಳಿಯಿತು, ರಾಗ ಮಾತ್ರ ಉಳಿಯಿತು." ಈ ಮಾತಿನ ಸ್ವಾರಸ್ಯವನ್ನು ತಿಳಿಸಿ.