ಎರಡು ಡಾಲ್ಫಿನ್, ಒಂದು ಕಾಣದ ಅಕ್ಷರ: ನಮ್ಮ ಮೊದಲ ಪ್ಲಗಿನ್

ಕುವೈತಿನ ಜಾಬ್ರಿಯಾದಿಂದ ನಾವು ಮತ್ತೆ ನಿಮ್ಮ ಜೊತೆ. ಸಾಮಾನ್ಯವಾಗಿ ಜೀವಕೋಶ, ಜೀನು ಅಂತ ಮಾತಾಡುವ ನಾವು ಇವತ್ತು ತಂತ್ರಾಂಶದ ಕಡೆ ಹೊರಳ್ತಾ ಇದ್ದೀವಿ. ಮುಕ್ತ ತಂತ್ರಾಂಶವೊಂದಕ್ಕೆ ಪ್ಲಗಿನ್ ಬರೆಯೋದು ಅಂದ್ರೆ ಏನು? ಜೀವವಿಜ್ಞಾನಿಗಳಾದ ನಾವು ಅದಕ್ಕೆ ಕೈ ಹಾಕಿದ್ದು ಯಾಕೆ?

ಮೊದಲು ಹಿನ್ನೆಲೆ. ಇಲ್ಲಿ ಶುಕ್ರವಾರ ರಜೆ. ಅವತ್ತು ಬೆಳಿಗ್ಗೆ ನಾವು ಮೂರ್ನಾಲ್ಕು ಮನೆಯವರು ಸೇರಿ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀವಿ. ಬರೀ ಕಾಪಿ ಬರೆಸಿದರೆ ಮಕ್ಕಳು ಕೂರಲ್ಲ. ಹಾಗಾಗಿ ಕುವೈತ್ ಕೊಲ್ಲಿಯ ಜೀವಿಗಳ ಬಗ್ಗೆ ಮಕ್ಕಳೇ ಬರೆಯುವ ಒಂದು ಪುಟ್ಟ ವಿಕಿ ಮಾಡಿದೆವು. ಬಳಸಿದ್ದು ಮೀಡಿಯಾವಿಕಿ, ಅಂದ್ರೆ ವಿಕಿಪೀಡಿಯಾ ಓಡೋದು ಯಾವುದರ ಮೇಲೋ ಅದೇ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಂಡು, ಒಳಗಿನ ಕೋಡ್ ಓದಿ, ಬದಲಿಸಿ ಬಳಸಬಹುದು. ಕುಂದಾಪುರದಲ್ಲಿರುವ ಅಜ್ಜಿಯೊಬ್ಬರು ಫೋನಿನಲ್ಲೇ ಪುಟಗಳನ್ನು ಓದಿ ತಪ್ಪು ತಿದ್ದುತ್ತಿದ್ದರು. ಮೊಮ್ಮಗಳ ಜೊತೆ ಅವರಿಗಿದ್ದ ಕನ್ನಡದ ಕೊಂಡಿ ಮುಖ್ಯವಾಗಿ ಅದೇ.

ಒಂದು ದಿನ ಅಜ್ಜಿ ಫೋನ್ ಮಾಡಿ, "ಮಗು ಡಾಲ್ಫಿನ್ ಬಗ್ಗೆ ಬರೆದಿದ್ದೇನೆ ಅಂತ ಹೇಳಿದ್ಲು. ಹುಡುಕಿದ್ರೆ ಬೇರೆ ಯಾರೋ ಬರೆದದ್ದು ಬರ್ತದಲ್ಲ?" ಅಂದರು. ನೋಡಿದರೆ ವಿಕಿಯಲ್ಲಿ ಡಾಲ್ಫಿನ್ ಅಂತ ಎರಡು ಪುಟ! ಒಂದೇ ತಂತ್ರಾಂಶದಲ್ಲಿ ಒಂದೇ ಹೆಸರಿನ ಎರಡು ಪುಟ ಇರೋಕೆ ಸಾಧ್ಯವೇ ಇಲ್ಲ. ಆದರೂ ಎರಡೂ ತಲೆಬರಹ ಕಣ್ಣಿಗೆ ಅಚ್ಚು ಒಂದೇ.

ಅಕ್ಷರ ಎಣಿಸಿ ನೋಡಿದೆವು. ಡಾಲ್ಫಿನ್ ಅನ್ನೋ ಪದ ಯೂನಿಕೋಡ್‌ನಲ್ಲಿ 8 ಸಂಕೇತಗಳು: ಡ, ಆ ಕಾರದ ಚಿಹ್ನೆ, ಲ, ವಿರಾಮ ಚಿಹ್ನೆ, ಫ, ಇ ಕಾರದ ಚಿಹ್ನೆ, ನ, ಮತ್ತೆ ವಿರಾಮ ಚಿಹ್ನೆ. ಎರಡನೇ ಪುಟದಲ್ಲಿ ಇದ್ದದ್ದು 9. ಕೊನೆಯಲ್ಲಿ ಒಂದು ಅಗಲವೇ ಇಲ್ಲದ ಸಂಕೇತ ಕೂತಿತ್ತು. ಯು ಪ್ಲಸ್ 200ಸಿ. ಇಂಗ್ಲಿಷಿನಲ್ಲಿ ಇದನ್ನ ಝೀರೋ ವಿಡ್ತ್ ನಾನ್ ಜಾಯ್ನರ್ ಅಂತಾರೆ. ನಾವು ಮನೆಯಲ್ಲಿ ಇಟ್ಟ ಹೆಸರು "ಕಾಣದ ಅಕ್ಷರ".

ಇದು ಕಸ ಅಲ್ಲ, ಕನ್ನಡಕ್ಕೆ ಬೇಕಾದದ್ದೇ. ಸಾಫ್ಟ್‌ವೇರ್ ಅಂತ ಬರೆಯುವಾಗ ಟ ಕೆಳಗೆ ವ ಒತ್ತಾಗಿ ಇಳಿಯದಂತೆ ತಡೆಯೋದು ಇದೇ. ಇದರ ಅಣ್ಣ ಇನ್ನೊಬ್ಬ ಇದ್ದಾನೆ, 200ಡಿ. ರ‍್ಯಾಂಕ್ ಅಂತ ಬರೆಯುವಾಗ ರ ಅರ್ಕಾವೊತ್ತಾಗದೆ ಪೂರ್ತಿ ರ ಆಗಿಯೇ ನಿಲ್ಲಬೇಕಾದರೆ ಅವನು ಬೇಕು. ತೊಂದರೆ ಏನಂದ್ರೆ, ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ ಈ ಕಾಣದ ಅಕ್ಷರವನ್ನ ಬಿಟ್ಟುಹೋಗ್ತವೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದಾಗಲೂ ಬರುತ್ತೆ. ಕಣ್ಣಿಗೆ ವ್ಯತ್ಯಾಸ ಇಲ್ಲ. ಕಂಪ್ಯೂಟರಿಗೆ ಒಂದು 24 ಬೈಟ್, ಇನ್ನೊಂದು 27 ಬೈಟ್, ಅಂದ್ರೆ ಬೇರೆ ಬೇರೆ ಪದ.

ನಾವು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. ಅದನ್ನ ಹೇಳಲೇಬೇಕು. ಮೀಡಿಯಾವಿಕಿಯ ಮೂಲ ಕೋಡ್‌ನಲ್ಲಿ ಹುಡುಕಾಟದ ಕಡತ ತೆರೆದು, ಅಲ್ಲೇ ಎರಡು ಸಾಲು ಸೇರಿಸಿದೆವು. ಹುಡುಕಿದ ಪದದಿಂದ ಕಾಣದ ಅಕ್ಷರ ಕಿತ್ತುಹಾಕು, ಅಷ್ಟೇ. ಕೆಲಸ ಮಾಡಿತು, ಖುಷಿಯಾಯ್ತು. ಆಮೇಲೆ 1.35ನೇ ಆವೃತ್ತಿಯಿಂದ 1.39ಕ್ಕೆ ಏರಿಸಿದಾಗ ಹೊಸ ಕಡತ ಹಳೆಯದರ ಮೇಲೆ ಕೂತು, ನಮ್ಮ ಎರಡು ಸಾಲು ಮಾಯ. ಸೇರಿಸಿದ ಗೆಳೆಯ ಅಷ್ಟರಲ್ಲಿ ಕೆಲಸ ಬದಲಿಸಿ ಬೇರೆ ದೇಶಕ್ಕೆ ಹೋಗಿದ್ದ. ಗಲ್ಫ್‌ನಲ್ಲಿ ಇದು ಮಾಮೂಲು. ಏನು ಬದಲಿಸಿದ್ದೆವು, ಎಲ್ಲಿ ಅಂತ ಉಳಿದವರಿಗೆ ನೆನಪಿಲ್ಲ. ಎರಡು ಡಾಲ್ಫಿನ್‌ಗಳ ಗೊಂದಲ ವಾಪಸ್ಸು ಬಂತು.

ಪ್ಲಗಿನ್ ಬೇಕಾಗೋದು ಇಲ್ಲಿ. ಮೀಡಿಯಾವಿಕಿ ಮಂದಿ ಇದನ್ನ ಎಕ್ಸ್‌ಟೆನ್ಷನ್ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಜೀವಕೋಶದ ಪೊರೆಯ ಮೇಲೆ ಗ್ರಾಹಿಗಳು ಇರ್ತವಲ್ಲ, ಹಾಗೆ ಈ ತಂತ್ರಾಂಶದ ಮೈಮೇಲೆ ನೂರಾರು ಹುಕ್‌ಗಳಿವೆ. ಹುಕ್ ಅಂದ್ರೆ ಕೋಡ್ ಓಡ್ತಾ ಓಡ್ತಾ ಒಂದು ಜಾಗದಲ್ಲಿ ನಿಂತು, "ಇಲ್ಲಿ ಯಾರಿಗಾದರೂ ಏನಾದರೂ ಮಾಡೋದಿದೆಯಾ?" ಅಂತ ಕೇಳೋದು. ಪುಟ ತೋರಿಸುವ ಮೊದಲು ಕೇಳುತ್ತೆ, ಉಳಿಸಿದ ಮೇಲೆ ಕೇಳುತ್ತೆ, ಅಳಿಸಿದ ಮೇಲೆ ಕೇಳುತ್ತೆ. ಗ್ರಾಹಿಗೆ ಸರಿಹೊಂದುವ ಅಣು ಬಂದು ಕೂತರೆ ಜೀವಕೋಶ ತನ್ನ ನಡತೆ ಬದಲಿಸುತ್ತೆ, ಡಿಎನ್‌ಎಯನ್ನು ತಿದ್ದಬೇಕಾಗಿಲ್ಲ.

ಹುಡುಕಾಟದ ಕೋಡ್ ಓದಿದಾಗ ಒಂದು ಸ್ವಾರಸ್ಯ ಕಂಡಿತು. ನೀವು ಒಂದು ಪದ ಕೊಟ್ಟಾಗ ಅದೇ ಹೆಸರಿನ ಪುಟ ಇದೆಯಾ ಅಂತ ಮೊದಲು ನೋಡುತ್ತೆ. ಇಲ್ಲದಿದ್ದರೆ ಎಲ್ಲ ಸಣ್ಣಕ್ಷರ ಮಾಡಿ ನೋಡುತ್ತೆ, ಮೊದಲಕ್ಷರ ದೊಡ್ಡದು ಮಾಡಿ ನೋಡುತ್ತೆ, ಎಲ್ಲ ದೊಡ್ಡಕ್ಷರ ಮಾಡಿ ನೋಡುತ್ತೆ. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರ ಎಲ್ಲಿದೆ? ಅಷ್ಟೂ ಪ್ರಯತ್ನ ನಮಗೆ ವ್ಯರ್ಥ, ನಮ್ಮ ನಿಜವಾದ ತೊಡಕಿಗೆ ಅಲ್ಲಿ ಜಾಗವೇ ಇಲ್ಲ. ಆದರೆ ಎಲ್ಲ ಸೋತ ಮೇಲೆ ಕೊನೆಯಲ್ಲಿ ಒಂದು ಹುಕ್ ಇದೆ: ಸರ್ಚ್‌ಗೆಟ್‌ನಿಯರ್‌ಮ್ಯಾಚ್. "ನನಗೆ ಸಿಗಲಿಲ್ಲ, ನಿಮಗೆ ಗೊತ್ತಾ?" ಅಂತ ಕೇಳುವ ಜಾಗ. ನಮಗೆ ಬೇಕಾದ ಬಾಗಿಲು ಅದೇ.

ಕನ್ನಡ ಹೀಗೆ ಪಕ್ಕದ ಬಾಗಿಲಿನಿಂದ ಒಳಬಂದದ್ದು ಇದೇ ಮೊದಲಲ್ಲ. ಕನ್ನಡ ವಿಕಿಪೀಡಿಯಾ ಶುರುವಾದದ್ದು 2003ರಲ್ಲಿ. ಪುಟದಲ್ಲೇ ಕನ್ನಡ ಟೈಪ್ ಮಾಡುವ ಸೌಲಭ್ಯ ಮೂಲ ತಂತ್ರಾಂಶದ ಭಾಗ ಆಗಿರಲಿಲ್ಲ. 2011ರಲ್ಲಿ ನಾರಾಯಂ ಅನ್ನೋ ಎಕ್ಸ್‌ಟೆನ್ಷನ್ ಬಂತು. ತಾಳೆಗರಿಯ ಮೇಲೆ ಬರೆಯುವ ಕಂಟಕ್ಕೆ ಮಲಯಾಳಂನಲ್ಲಿ ಇರುವ ಹೆಸರು ಅದು. 2013ರಲ್ಲಿ ಅದರ ಜಾಗಕ್ಕೆ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಬಂದು ನಾರಾಯಂ ನಿವೃತ್ತವಾಯಿತು. ಈಗ ಲಿಪ್ಯಂತರಣವೂ ಸಿಗುತ್ತೆ, ಕೆ.ಪಿ. ರಾವ್ ವಿನ್ಯಾಸದ ನುಡಿ ಕೀಲಿಮಣೆಯೂ ಸಿಗುತ್ತೆ. ನುಡಿ ಕಲಿತವರಿಗೆ ಗೊತ್ತು, ಕನ್ನಡ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಿಗೆ ಎಫ್. ಇದೆಲ್ಲ ಒಂದು ನಿಯಮಗಳ ಪಟ್ಟಿ ಅಷ್ಟೇ: ಈ ಕೀಲಿ ಒತ್ತಿದರೆ ಈ ಅಕ್ಷರ.

ಸರಿ, ನಮ್ಮ ಪ್ಲಗಿನ್‌ಗೆ ಬರೋಣ. ಎಕ್ಸ್‌ಟೆನ್ಷನ್ಸ್ ಅನ್ನೋ ಕೋಶದೊಳಗೆ ನಮ್ಮದೊಂದು ಕೋಶ. ಅದರಲ್ಲಿ ಎಕ್ಸ್‌ಟೆನ್ಷನ್ ಡಾಟ್ ಜೇಸನ್ ಅನ್ನೋ ಕಡತ, ಇದು ಪ್ಲಗಿನ್‌ನ ಗುರುತಿನ ಚೀಟಿ. ಹೆಸರು, ಪರವಾನಗಿ, ಯಾವ ಆವೃತ್ತಿಯ ಮೀಡಿಯಾವಿಕಿ ಬೇಕು, ಯಾವ ಹುಕ್‌ಗೆ ನಮ್ಮ ಯಾವ ಕೋಡ್ ಉತ್ತರ ಕೊಡುತ್ತೆ, ಎಲ್ಲ ಅದರಲ್ಲಿ. ಕೆಲಸ ಮಾಡುವ ಪಿಎಚ್‌ಪಿ ಕೋಡ್ ಪಕ್ಕದಲ್ಲಿ. ಲೋಕಲ್‌ಸೆಟ್ಟಿಂಗ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಪ್ಲಗಿನ್ ಎಚ್ಚರ, ತೆಗೆದರೆ ನಿದ್ದೆ.

ಉಪಾಯ ಇಷ್ಟು. ಪುಟ ಉಳಿಸಿದಾಗ ಅದರ ತಲೆಬರಹದಿಂದ 200ಸಿ, 200ಡಿ ಎರಡನ್ನೂ ತೆಗೆದು ನಮ್ಮದೇ ಒಂದು ಕೋಷ್ಟಕದಲ್ಲಿ ಬರೆದಿಡು. ಯಾರಾದರೂ ಹುಡುಕಿದಾಗ ಅವರ ಪದದಿಂದಲೂ ಅವನ್ನ ತೆಗೆದು ಕೋಷ್ಟಕದಲ್ಲಿ ನೋಡು. ಮುಖ್ಯ ವಿಷಯ, ತಲೆಬರಹವನ್ನ ಮುಟ್ಟಬೇಡ. ಮಡ್‌ಸ್ಕಿಪ್ಪರ್ ಪುಟದಲ್ಲಿ ಆ ಕಾಣದ ಅಕ್ಷರ ಇಲ್ಲದಿದ್ದರೆ ಡ ಕೆಳಗೆ ಸ, ಅದರ ಕೆಳಗೆ ಕ ಅಂತ ಒತ್ತುಗಳ ಗೋಪುರ ಆಗುತ್ತೆ. ಹುಡುಕುವ ಕೀಲಿ ಬೇರೆ, ಓದುವ ಹೆಸರು ಬೇರೆ. ಈ ಕ್ರಮ ನಮ್ಮ ಸ್ವಂತ ಬುದ್ಧಿಯದ್ದಲ್ಲ. ದೊಡ್ಡಕ್ಷರ ಸಣ್ಣಕ್ಷರದ ತೊಡಕಿಗೆ ಇದೇ ಹುಕ್ ಬಳಸುವ ಟೈಟಲ್‌ಕೀ ಅನ್ನೋ ಎಕ್ಸ್‌ಟೆನ್ಷನ್ ಮೊದಲೇ ಇದೆ, ಅದರ ಕೋಡ್ ಓದಿ ಕಲಿತೆವು. ಮುಕ್ತ ತಂತ್ರಾಂಶದಲ್ಲಿ ನಮಗೆ ಬಹಳ ಇಷ್ಟವಾದದ್ದು ಇದೇ.

ಎಡವಿದ್ದೂ ಉಂಟು. ಕೋಷ್ಟಕದಲ್ಲಿ ಒಂದು ಕೀಲಿ ಒಂದೇ ಸಲ ಬರಬೇಕು ಅಂತ ನಿಯಮ ಹಾಕಿದ್ದೆವು. ಕೀಲಿಗಳು ಡಿಕ್ಕಿ ಹೊಡೆಯುವುದೇ ನಮ್ಮ ಸಮಸ್ಯೆ ಅನ್ನೋದನ್ನ ಮರೆತು! ಎರಡನೇ ಡಾಲ್ಫಿನ್ ಬರೆದ ಹುಡುಗಿ ತನ್ನ ಪುಟಕ್ಕೆ ಇನ್ನೆರಡು ಸಾಲು ಸೇರಿಸಿ 'ಉಳಿಸು' ಒತ್ತಿದಾಗ ಎದುರಿಗೆ ಬಂದದ್ದು ದೋಷದ ಪುಟ. ಬರೆದದ್ದೆಲ್ಲ ಹೋಯ್ತು ಅಂತ ಅತ್ತೇಬಿಟ್ಟಳು. ಬರಹ ಡೇಟಾಬೇಸಿನಲ್ಲಿ ಭದ್ರವಾಗಿತ್ತು, ಬಿದ್ದದ್ದು ನಮ್ಮ ಕೋಡ್. ಆದರೆ ಎಂಟು ವರ್ಷದ ಮಗುವಿಗೆ ಆ ವಿವರಣೆ ಯಾಕೆ ಬೇಕು? ಪ್ಲಗಿನ್ ಚಿಕ್ಕದಿರಬಹುದು, ಒಳಗೆ ಬಂದ ಮೇಲೆ ಅದಕ್ಕೆ ಡೇಟಾಬೇಸಿನ ಮೇಲೆ ಮೂಲ ತಂತ್ರಾಂಶದಷ್ಟೇ ಅಧಿಕಾರ. ಅದಕ್ಕೇ ಈಗ ಏನೇ ಬದಲಿಸಿದರೂ ಮೊದಲು ವಿಕಿಯ ಒಂದು ನಕಲಿನಲ್ಲಿ ಓಡಿಸಿ ನೋಡ್ತೀವಿ. ಗುರುತಿಲ್ಲದವರ ಪ್ಲಗಿನ್ ಹಾಕೋ ಮೊದಲು ಕೋಡ್ ಓದ್ತೀವಿ.

ಇನ್ನೊಂದು ಮಾತು. ಎಲ್ಲಕ್ಕೂ ಪ್ಲಗಿನ್ ಬೇಡ. ಇಲ್ಲಿನ ಮೀನು ಮಾರುಕಟ್ಟೆಯಲ್ಲಿ ಝುಬೈದಿ ಅಂತ ಕೂಗೋದು ನಮ್ಮ ಕರಾವಳಿಯ ಮಾಂಜಿಯನ್ನೇ. ಅದನ್ನೂ ಪ್ಲಗಿನ್‌ಗೆ ಕಲಿಸೋಣ ಅಂತ ಒಬ್ಬರು ಹೊರಟಿದ್ದರು. ಬೇಕಿಲ್ಲ, ಝುಬೈದಿ ಅನ್ನೋ ಪುಟದಿಂದ ಮಾಂಜಿಗೆ ಒಂದು ಸಾಲಿನ ಪುನರ್ನಿರ್ದೇಶನ ಹಾಕಿದರೆ ಮುಗೀತು. ದೊಡ್ಡ ವಿಕಿಗಳಿಗೆ ಸಿರಸ್‌ಸರ್ಚ್ ಅನ್ನೋ ಶಕ್ತಿಶಾಲಿ ಎಕ್ಸ್‌ಟೆನ್ಷನ್ ಕೂಡ ಇದೆ, ಆದರೆ ಅದಕ್ಕೆ ಬೇರೆಯೇ ಒಂದು ಹುಡುಕು ಯಂತ್ರ ಓಡಬೇಕು. ನಮ್ಮ ಪುಟ್ಟ ಸರ್ವರ್‌ಗೆ ಅದು ಇರುವೆಯ ಬೆನ್ನಿಗೆ ಬೆಲ್ಲದ ಮೂಟೆ.

ಈಗಿನ ಸ್ಥಿತಿ ಹೇಳಿಬಿಡ್ತೀವಿ. ಒಂದೇ ಕೀಲಿಗೆ ಎರಡು ಪುಟ ಸಿಕ್ಕರೆ ಪ್ಲಗಿನ್ ತಾನೇ ಆರಿಸೋದಿಲ್ಲ, ಎರಡನ್ನೂ ತೋರಿಸುತ್ತೆ. ಎರಡು ಡಾಲ್ಫಿನ್‌ಗಳನ್ನ ಮಕ್ಕಳೇ ಕೂತು ಒಂದು ಮಾಡಿದರು, ಇತಿಹಾಸದಲ್ಲಿ ಇಬ್ಬರ ಹೆಸರೂ ಇದೆ. ಪುಟ ಅಳಿಸಿದಾಗ ಕೋಷ್ಟಕದಿಂದಲೂ ಅಳಿಸೋದನ್ನ ಮರೆತಿದ್ದೆವು, ಸರಿ ಮಾಡಿದ್ದೀವಿ. ಪುಟದ ಹೆಸರು ಬದಲಿಸಿದಾಗ ಹಳೆಯ ಕೀಲಿ ಹಾಗೇ ಉಳಿದುಕೊಳ್ಳುತ್ತೆ, ಅದು ಇನ್ನೂ ಬಾಕಿ. ಅಜ್ಜಿ ಆಗಲೇ ಅದನ್ನೂ ಕಂಡುಹಿಡಿದು ಫೋನ್ ಮಾಡಿದ್ದಾರೆ. ಬರುವ ಶುಕ್ರವಾರ ತರಗತಿ ಮುಗಿದ ಮೇಲೆ ಅದಕ್ಕೇ ಕೂರ್ತೀವಿ.