ನಿದ್ರೆಗೆಟ್ಟ ರಾತ್ರಿ ಮತ್ತು ಮರುದಿನದ ಗ್ರಾಮಸಭೆ

ಪಂಪ್‌ಸೆಟ್‌ಗಳಿಗೆ ರಾತ್ರಿ ಪಾಳಿಯಲ್ಲಿ ವಿದ್ಯುತ್ ಬರುವ ವಾರ ಗ್ರಾಮಸಭೆ ಕರೆದರೆ ಮಾತು ಬೇಗ ಬಿಸಿಯೇರುವುದನ್ನು ಸದಸ್ಯರು ಕಂಡಿರಬಹುದು. ಕುಡಿಯುವ ನೀರಿನ ಚರ್ಚೆ ನೋಡನೋಡುತ್ತಲೇ ಹಳೆಯ ಬದುವಿನ ಜಗಳಕ್ಕೆ ತಿರುಗುತ್ತದೆ. ಇದನ್ನು ರಾಜಕೀಯವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಇದರಲ್ಲಿ ನಿದ್ರೆಗೆಟ್ಟ ಮಿದುಳಿನ ಪಾಲೂ ಉಂಟು.

ಮಿದುಳಿನ ಒಳಗೆ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವಿದೆ. ಭಯ, ಸಿಟ್ಟುಗಳಿಗೆ ಇದು ಬಲು ಬೇಗ ಸ್ಪಂದಿಸುತ್ತದೆ. ಹಣೆಯ ಹಿಂದಿನ ಮುಮ್ಮಿದುಳು ಇದನ್ನು ಹತೋಟಿಯಲ್ಲಿಡುತ್ತದೆ. ಅಮೆರಿಕದ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 35 ಗಂಟೆ ಎಚ್ಚರವಿದ್ದ ಯುವಜನರಿಗೆ ಅಹಿತಕರ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಲಾಯಿತು. ನಿದ್ರಿಸಿದವರಿಗೆ ಹೋಲಿಸಿದರೆ ಅವರ ಅಮಿಗ್ಡಲ ಸುಮಾರು ಶೇ 60ರಷ್ಟು ಹೆಚ್ಚು ಪ್ರತಿಕ್ರಿಯಿಸಿತು. ಮುಮ್ಮಿದುಳಿನೊಂದಿಗೆ ಅದರ ಸಂಪರ್ಕವೂ ದುರ್ಬಲಗೊಂಡಿತ್ತು. ಲೋಡ್ ಏರಿದೆ, ಬ್ರೇಕರ್ ಮಾತ್ರ ಬೀಳುತ್ತಿಲ್ಲ ಎಂಬಂಥ ಸ್ಥಿತಿ ಅದು.

ನೆನಪಿನ ವಿಚಾರ ಇನ್ನೂ ಸೂಕ್ಷ್ಮವಾದುದು. ವಾಕರ್ ಮತ್ತು ರಾಬರ್ಟ್ ಸ್ಟಿಕ್‌ಗೋಲ್ಡ್ ವಿವರಿಸಿದ ಇನ್ನೊಂದು ಪ್ರಯೋಗದಲ್ಲಿ, ನಿದ್ರೆಗೆಟ್ಟು ಪದಗಳನ್ನು ಕಲಿತವರು ಸಂತೋಷ ಸೂಚಿಸುವ ಪದಗಳನ್ನು ಬಹಳವಾಗಿ ಮರೆತಿದ್ದರು; ನೋವಿನ ಪದಗಳು ಅಷ್ಟಾಗಿ ಅಳಿಸಿರಲಿಲ್ಲ. ನೆರೆಯವನು ಮಾಡಿದ ಉಪಕಾರ ಮರೆತುಹೋಗಿ ಅವನಾಡಿದ ಒಂದು ಕಟು ಮಾತು ಮಾತ್ರ ಉಳಿಯುವ ಬಗೆ ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಕನಸುಗಳು ದಟ್ಟವಾಗಿ ಬೀಳುವ ನಿದ್ರೆಯ ಹಂತವನ್ನು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಈ ಹಂತದಲ್ಲಿ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ವೇಗವಾಗಿ ಚಲಿಸುತ್ತವೆ. ಮಿದುಳಿನಲ್ಲಿ ಉದ್ವೇಗಕ್ಕೆ ಸಂಬಂಧಿಸಿದ ನಾರ್‌ಅಡ್ರಿನಲಿನ್ ರಾಸಾಯನಿಕ ತೀರಾ ಕಡಿಮೆಯಾಗುತ್ತದೆ. ಹೀಗಾಗಿ ನೋವಿನ ಘಟನೆ ನೆನಪಿನಲ್ಲಿ ಉಳಿದರೂ ಅದರ ಉರಿ ತಗ್ಗುತ್ತದೆಂಬುದು ಒಂದು ವಾದ. ಎಲ್ಲ ಪ್ರಯೋಗಗಳೂ ಇದನ್ನು ಸಮರ್ಥಿಸಿಲ್ಲವೆಂಬುದನ್ನೂ ಹೇಳಬೇಕು. ಆದರೆ ಈ ನಿದ್ರೆ ಹೆಚ್ಚಾಗಿ ದೊರೆಯುವುದು ಬೆಳಗಿನ ಜಾವದಲ್ಲಿ. ಮೂರು ಗಂಟೆಗೆ ಮೋಟಾರ್ ಹಾಕಲು ಎದ್ದು ಹೋಗುವ ರೈತ ಕಳೆದುಕೊಳ್ಳುವುದು ಬಹುತೇಕ ಇದನ್ನೇ. ಹಗಲಿನ ಕಿರುನಿದ್ರೆ ಆಯಾಸವನ್ನು ಕಳೆಯುತ್ತದೆ, ರಾತ್ರಿಯ ಪೂರ್ಣ ನಿದ್ರೆಗೆ ಸಮನಾಗುವುದಿಲ್ಲ.

ವಿದ್ಯುತ್ ಪಾಳಿಯನ್ನು ನಿಗದಿಪಡಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ. ಸಭೆಯ ದಿನ ಮತ್ತು ವೇಳೆ ಕೈಯಲ್ಲಿದೆ. ಗಡಿ, ದಾರಿ, ನೀರಿನ ತಕರಾರುಗಳನ್ನು ಹಗಲು ಪಾಳಿಯ ವಾರಕ್ಕೆ ಇಟ್ಟುಕೊಳ್ಳುವುದರಲ್ಲಿ ಖರ್ಚೇನೂ ಇಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಯನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸುತ್ತವೆ. ಜಾತ್ರೆ, ಮದುವೆಯ ದಿನಗಳಲ್ಲಿ ಇದನ್ನು ನೆನಪಿಸುವುದು ಸದಸ್ಯರಿಗೆ ಮುಜುಗರದ ಕೆಲಸವೇ ಸರಿ. ಆದರೂ ಪಕ್ಕದ ಮನೆಯಲ್ಲಿ ಬಾಣಂತಿಯೋ ಪರೀಕ್ಷೆಗೆ ಕೂರುವ ಮಗುವೋ ಇರಬಹುದು.

ಪಾಳಿಯ ಕಾರಣವಿಲ್ಲದೆ ಎರಡು ವಾರಕ್ಕೂ ಮೀರಿ ನಿದ್ರೆ ಬಾರದೆ, ಮಂಕುತನ, ನಿರಾಸಕ್ತಿ ಜೊತೆಗೂಡಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ದೊಡ್ಡಕ್ಷರದಲ್ಲಿ ಬರೆಸುವುದು.