ಬಣ್ಣಕ್ಕೆ ಮೊದಲು ಚಾಸಿ ಅಳೆಯಿರಿ

ನಂಜನಗೂಡು, ತಿ. ನರಸೀಪುರದ ಕಡೆ ಹಳೇ ಮಹೀಂದ್ರ ಜೀಪು ಕೊಂಡು ಹೊಸದರಂತೆ ಮಾಡಿಸುವ ಆಸೆಯೇ? ಬಣ್ಣ, ಸೀಟಿನ ಮಾತು ಆಮೇಲೆ. ಗದ್ದೆ ದಾರಿಯಲ್ಲಿ ಭಾರ ಹೊತ್ತು ಸವೆದ ಗಾಡಿಯ ಚಾಸಿ ಸೊಟ್ಟಗಾಗಿರುವುದು ಅಪರೂಪವೇನಲ್ಲ.

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ. ನಾಲ್ಕು ಮೂಲೆಯ ಸ್ಪ್ರಿಂಗ್ ಬೋಲ್ಟುಗಳಿಂದ ಗಾರೆಯವರ ತೂಕದ ಗುಂಡು ಇಳಿಬಿಟ್ಟು, ಅದು ನಿಂತಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಅಳತೆ ಸಮ ಬರಬೇಕು. ಬರದಿದ್ದರೆ ಚಾಸಿಯ ಒಂದು ಬದಿ ಹಿಂದೆ ಸರಿದಿದೆ. ಸಮ ಬಂದರೂ ನಂಬಿಬಿಡಬೇಡಿ, ತಿರುಚಿರಬಹುದು. ನೀರು ತುಂಬಿದ ಮಟ್ಟದ ಪೈಪು ಹಿಡಿದು ಎಡಬಲದ ಎತ್ತರ ಹೋಲಿಸಿ.

ಗಾಡಿ ಅಡ್ಡಡ್ಡ ಓಡುತ್ತದೆಂದು ಚಾಸಿಯನ್ನೇ ದೂರಬೇಡಿ. ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿರಬಹುದು, ಅದು ಸಣ್ಣ ಖರ್ಚಿನ ಕೆಲಸ. ಮುಂದಿನ, ಹಿಂದಿನ ಚಕ್ರಗಳ ಅಂತರ ಎರಡೂ ಬದಿ ಒಂದೇ ಇರಬೇಕು. ಸಿಜೆ-3ಬಿ ಜೀಪಿನಲ್ಲಿ ಅದು ಸುಮಾರು 80 ಇಂಚು.

ಜೀಪಿನ ಬದಲು ಹಳೇ ಅಂಬಾಸಿಡರ್ ಕಾರು ಕೊಂಡಿದ್ದರೆ, ಅದಕ್ಕೆ ಬೇರೆ ಚಾಸಿಯಿಲ್ಲ, ಬಾಡಿಯೇ ಆಧಾರ. ಅಲ್ಲಿ ಮೊದಲು ಹುಡುಕಬೇಕಾದ್ದು ತುಕ್ಕು.

ಕಾಯಿಸಿ ಬಡಿದು ನೆಟ್ಟಗೆ ಮಾಡುತ್ತೇವೆನ್ನುವವರಿಗೆ ಮಾತ್ರ ದಯವಿಟ್ಟು ಗಾಡಿ ಒಪ್ಪಿಸಬೇಡಿ. ಲೆಕ್ಕವಿಲ್ಲದೆ ಕಾಯಿಸಿದ ಉಕ್ಕು ಬಲ ಕಳೆದುಕೊಳ್ಳುತ್ತದೆ, ಆ ಜೀಪಿನಲ್ಲಿ ಕೂರುವುದು ನಿಮ್ಮ ಮನೆಯವರೇ.